ಕಪ್ತಾನಪ್ಪನಿಗೆ ಇಟ್ಟ ಎಡೆ

ಕಪ್ತಾನಪ್ಪ ಸತ್ತಿರಲಿಲ್ಲ. ಸತ್ತನೆಂದು ಹೇಳಿದವಳು ನಾನು.

ಹೇಳಿದ್ದು ಗಂಗಕ್ಕನಿಗೆ — ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಐನಾಪುರದ ಈ ಮನೆಗೆ ನಾನು ಸೊಸೆಯಾಗಿ ಬಂದ ದಿನದಿಂದ ನನ್ನನ್ನು ತಂಗಿ ಎಂದೇ ಕರೆದವಳು. ಮಾತಿನಲ್ಲಿ ಅವಳಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವಳು ಅವಳೇ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಾನು ಹೇಳಿದ್ದನ್ನು ಅವಳು ನಂಬಿದಳು. ನಂಬಿ, ಅವನಿಗೆ ಎಡೆ ಇಟ್ಟಳು. ಆ ಎಡೆಯ ಮೇಲೆ ತುಪ್ಪ ಹಾಕಿದ ಕೈ — ನನ್ನದು.

ಕಪ್ತಾನಪ್ಪ ನಿಜವಾಗಿ ಬದುಕಿದ್ದ ಮನುಷ್ಯನಲ್ಲ. ಇಂಗ್ಲಿಷ್ ಕಾಮಿಕ್ ಪುಸ್ತಕವೊಂದರ ನಾಯಕ. ಬಣ್ಣದ ಚೌಕಗಳೊಳಗೆ ಹಡಗು ನಡೆಸುತ್ತಿದ್ದವನು. ಓದುವವರಿಗೆ ನಗು ಬರಬಹುದು. ನನಗೂ ಆಗ ಹಾಗೆಯೇ ಅನ್ನಿಸಿತ್ತು — ಕಾಗದದ ಮೇಲಿನವನೊಬ್ಬನನ್ನು ಬಾಯಿಮಾತಿನಲ್ಲಿ ಕೊಂದರೆ ಯಾರಿಗೇನು ಹೋದೀತು ಎಂದು. ಇಷ್ಟು ವರ್ಷ ಹಾಗೆಯೇ ಅಂದುಕೊಳ್ಳಲು ನೋಡಿದ್ದೇನೆ. ಈಗ ದಣಿದಿದ್ದೇನೆ. ಅಂದುಕೊಳ್ಳುವುದಕ್ಕೂ ಒಂದು ಶಕ್ತಿ ಬೇಕು.

ನನ್ನ ತವರು ನಿಪ್ಪಾಣಿ. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಅಲ್ಲಿಯೇ ಹಾಸ್ಟೆಲಿನಲ್ಲಿದ್ದು. ಶನಿವಾರ ಸಂಜೆ ಕ್ರೈಸ್ತ ಹುಡುಗಿಯರು ಸಾಲುಗಟ್ಟಿ ಚರ್ಚಿಗೆ ಹೋಗಿ, ಜಾಲರಿಯ ಆಚೆ ಕೂತ ಪಾದ್ರಿಗೆ ತಮ್ಮ ತಪ್ಪು ಹೇಳಿಕೊಂಡು ಬರುತ್ತಿದ್ದರು. ನಾವು ಉಳಿದವರು ಹೊರಗಿನ ಬೆಂಚಿನ ಮೇಲೆ ಕಾಲು ಆಡಿಸುತ್ತ ಕಾಯುತ್ತಿದ್ದೆವು. ಹೋಗುವಾಗ ಇದ್ದ ಮುಖ ಬರುವಾಗ ಇರುತ್ತಿರಲಿಲ್ಲ ಅವರಿಗೆ — ಅದನ್ನು ನಾನು ನೋಡಿದ್ದೇನೆ. ಆ ಸಾಲಿನಲ್ಲಿ ನಿಲ್ಲುವ ಹಕ್ಕು ನನಗಿರಲಿಲ್ಲ. ಆ ವಯಸ್ಸಿನಲ್ಲಿ ಹೇಳಿಕೊಳ್ಳುವಂಥದ್ದೂ ಏನೂ ಇರಲಿಲ್ಲ.

ಮದುವೆಯಾಗಿ ಬಂದೆ. ಕಬ್ಬು, ದ್ರಾಕ್ಷಿ, ತುಂಬಿದ ಮನೆ. ನನ್ನ ತಮ್ಮ ವಿನಯ ಆಗ ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದ. ಅಕ್ಕನಿಗೆ ಹೊತ್ತು ಹೋಗಲೆಂದು ಅಲ್ಲಿಯ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಕಾಮಿಕ್ ಕೊಂಡು, ಈ ಕಡೆ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ಒಂದೊಂದು ಸಲ ಒಂದೇ ಸಂಚಿಕೆ, ಒಂದೊಂದು ಸಲ ಎರಡು. ಮುಖಪುಟದ ಮೂಲೆಯಲ್ಲಿ ಯಾರೋ ಮೊದಲ ಒಡೆಯನ ಹೆಸರು, ಅದನ್ನು ಹೊಡೆದು ಎರಡನೆಯವನ ಹೆಸರು. ನಮಗೆ ಬರುವಷ್ಟರಲ್ಲಿ ಆ ಪುಸ್ತಕಗಳು ಎರಡು ಮೂರು ಮನೆ ಕಂಡಿರುತ್ತಿದ್ದವು.

ಗಂಗಕ್ಕ ಮೊದಲ ಸಲ ಅದನ್ನು ನೋಡಿದ್ದು ಹಿತ್ತಲ ಪಡಸಾಲೆಯಲ್ಲಿ. ಬೇಸಿಗೆ. ಒಣದ್ರಾಕ್ಷಿಯ ತೊಟ್ಟು ಬಿಡಿಸುವ ಕಾಲ. ಮಧ್ಯಾಹ್ನ ಗಂಡಸರು ಉಂಡು ಹೋದ ಮೇಲೆ ಮೊರ ತೊಡೆಯ ಮೇಲಿಟ್ಟುಕೊಂಡು ಕೂತರೆ ಬಿಸಿಲು ಗೋಡೆ ಇಳಿಯುವವರೆಗೆ ಅದೇ ಕೆಲಸ — ಬೆರಳಿಗೆ ಕೆಲಸ, ಕಿವಿಗೆ ಬಿಡುವು. ನಾನು ಆಗ ಬಸುರಿ, ಬೆನ್ನು ನೋವೆಂದು ಗೋಡೆಗೆ ಒರಗಿ ಪುಸ್ತಕ ತೆರೆದಿದ್ದೆ. ಅವಳು ಬಗ್ಗಿ ನೋಡಿದಳು. ಚಿತ್ರದಲ್ಲಿದ್ದವರ ಬಾಯಿಂದ ಎದ್ದ ಬಿಳಿಯ ಗುಳ್ಳೆಗಳನ್ನು ನೋಡಿ ಕೇಳಿದಳು:

“ಇವರೆಲ್ಲಾ ಯಾಕ ಹೊಗಿ ಬಿಡಾಕತ್ತಾರ? ನಿಮ್ಮ ನಿಪ್ಪಾಣಿ ಮಂದಿ ಏನ?”

ನಮ್ಮೂರಿನ ತಂಬಾಕಿನ ಹೆಸರಿನಲ್ಲಿ ನನ್ನನ್ನು ಛೇಡಿಸುವುದನ್ನು ಅವಳು ಎಂದೂ ಬಿಟ್ಟವಳಲ್ಲ. ಅದು ಹೊಗೆಯಲ್ಲ, ಅವರ ಮಾತು ಎಂದು ಹೇಳಿಕೊಟ್ಟೆ. ಇನ್ನೂ ಒಂದು ಅವಳಿಗೆ ತಿಳಿದಿರಲಿಲ್ಲ: ಒಂದು ಪುಟದ ಐದು ಚೌಕಗಳಲ್ಲಿ ಇರುವವನು ಒಬ್ಬನೇ ಮನುಷ್ಯ ಎನ್ನುವುದು. ಅವಳು ಐದು ಮಂದಿ ಅಣ್ಣತಮ್ಮಂದಿರು ಅಂದುಕೊಂಡಿದ್ದಳು — ಒಬ್ಬನಿಗಿಂತ ಒಬ್ಬ ಸಿಟ್ಟಿನವನು. ಹೇಳಿದ ಮೇಲೆ ತನ್ನಷ್ಟಕ್ಕೇ ನಕ್ಕಳು, ನಗುತ್ತ ಮೊರದ ಅಂಚು ಹಿಡಿದುಕೊಂಡಳು, ದ್ರಾಕ್ಷಿ ಚೆಲ್ಲಬಾರದೆಂದು. ಆ ನಗುವಿನಿಂದ ಶುರುವಾದದ್ದು.

ಕತೆ ಇಷ್ಟೇ. ಹಡಗಿನ ಕಪ್ತಾನನೊಬ್ಬ, ಬಿರುಗಾಳಿಯಲ್ಲಿ ಅವನ ಚಿಕ್ಕ ತಮ್ಮ ಕಳೆದುಹೋಗಿದ್ದಾನೆ. ಪ್ರತಿ ಸಂಚಿಕೆಯಲ್ಲೂ ಕಪ್ತಾನ ಒಂದು ಹೊಸ ಬಂದರಿಗೆ ಹೋಗುತ್ತಾನೆ, ಅಲ್ಲಿ ತಮ್ಮನ ಒಂದು ಗುರುತು ಸಿಗುತ್ತದೆ — ಒಂದು ಸಲ ಬೂಟು, ಒಂದು ಸಲ ಟೊಪ್ಪಿಗೆ — ತಮ್ಮ ಸಿಗುವುದಿಲ್ಲ. ಅವನ ಇಂಗ್ಲಿಷ್ ಹೆಸರು ಗಂಗಕ್ಕನ ನಾಲಿಗೆಗೆ ಒಗ್ಗಲಿಲ್ಲ. ಅವಳೇ ಹೆಸರಿಟ್ಟಳು, ಕಪ್ತಾನಪ್ಪ. ತಮ್ಮನಿಗೆ ಸಣ್ಯಾ.

ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ಚಿತ್ರ ನೋಡುತ್ತಿದ್ದಳು. ಕೈ ಅಂಟಾಗಿರುತ್ತಿದ್ದುದರಿಂದ ಹಾಳೆ ಮುಟ್ಟುತ್ತಿರಲಿಲ್ಲ. ಗಲ್ಲ ಚಾಚಿ ತೋರಿಸುತ್ತಿದ್ದಳು, ತೀರಾ ಆತುರವಾದರೆ ಮೊಣಕೈಯಿಂದ. ಅವಳು ಕೇಳುತ್ತಿದ್ದುದೆಲ್ಲ ನನಗೆ ಹೊಳೆಯದ್ದು. ಸಮುದ್ರಕ್ಕೆ ಬಿದ್ದವನ ಅಂಗಿ ಮುಂದಿನ ಚಿತ್ರದಲ್ಲೇ ಹೇಗೆ ಒಣಗಿತು? ಆ ಗಡ್ಡದವನ ಅಂಗಿಗೆ ಹೋದ ಪುಸ್ತಕದಲ್ಲಿ ಗುಂಡಿ ಇದ್ದವಲ್ಲ, ಈಗೆಲ್ಲಿ? ಕಪ್ತಾನಪ್ಪನ ಗೆಳೆಯನೊಬ್ಬನನ್ನು ಬಹಳ ದಿನ ಹೆಂಗಸೆಂದೇ ತಿಳಿದು, ಅವರಿಬ್ಬರ ಮದುವೆ ಯಾವಾಗ ಎಂದೂ ಕೇಳಿದ್ದಳು. ನಾನು ಅಲ್ಲವೆಂದು ಹೇಳಿದರೂ ಒಪ್ಪಲು ಮನಸ್ಸಿರಲಿಲ್ಲ. ಆದರೆ ಅವಳನ್ನು ನಿಜವಾಗಿ ಕಾಡಿದ್ದು ಬೇರೆಯದೇ.

“ನಾಕ ಪುಸ್ತಕ ಆತು ತಂಗೀ. ಇಂವ ಒಂದ ತುತ್ತ ಉಂಡಿಲ್ಲ ನೋಡು.”

ನಾನು ಹಿಂದಿನ ಸಂಚಿಕೆಗಳನ್ನೆಲ್ಲ ತಿರುವಿ ನೋಡಿದೆ. ನಿಜ. ಹೊಡೆದಾಡಿದ್ದ, ಈಜಿದ್ದ, ಹಗ್ಗ ಹತ್ತಿದ್ದ, ಉಂಡಿರಲಿಲ್ಲ. ಕತೆಯಲ್ಲಿ ಅದನ್ನೆಲ್ಲ ತೋರಿಸುವುದಿಲ್ಲ ಅಕ್ಕಾ ಎಂದೆ. ಅವಳು ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಬಿಟ್ಟಿದ್ದ ಬಿಳಿಯ ಪಟ್ಟಿಯನ್ನು ಗಲ್ಲದಿಂದ ತೋರಿಸಿ, ಇಲ್ಲಿ ಏನಾಗುತ್ತದೆ ಎಂದು ಕೇಳಿದಳು. ಏನೂ ಇಲ್ಲ, ಖಾಲಿ ಜಾಗ ಎಂದೆ. ಒಂದು ಹಿಡಿ ದ್ರಾಕ್ಷಿಯ ತೊಟ್ಟು ಬಿಡಿಸಿದಳು. ಆಮೇಲೆ, “ಅಲ್ಲೆ ಉಂಡಿರ್ತಾನ ತಗೋ,” ಎಂದಳು. ಯಾರೂ ನೋಡದ ಹೊತ್ತಿನಲ್ಲಿ. ಈ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಮುಂದೆ ತಾನೊಬ್ಬಳೇ ಕೂತು ಉಣ್ಣುತ್ತಿದ್ದವಳು ಅವಳು — ಅದು ನನಗೆ ಆಗ ನೆನಪಾಗಲಿಲ್ಲ. ಈಗ ಆಗುತ್ತದೆ.

ಪ್ರತಿ ಸಂಚಿಕೆಯ ಕೊನೆಯ ಪುಟದ ಕೆಳಗೆ, ಬಲಗಡೆ, ಒಂದು ಪುಟ್ಟ ಹಳದಿ ಡಬ್ಬಿಯೊಳಗೆ ಓರೆ ಅಕ್ಷರಗಳಲ್ಲಿ ‘ಮುಂದುವರಿಯುವುದು’ ಎಂದು ಇಂಗ್ಲಿಷಿನಲ್ಲಿ ಇರುತ್ತಿತ್ತು. ಅದೇನೆಂದು ಒಮ್ಮೆ ಕೇಳಿದ್ದಳು. ಇನ್ನ ಐತಿ ಅಂತ ಬರೆದಾರ್ರಿ ಎಂದಿದ್ದೆ. ಆವತ್ತಿನಿಂದ, ಪುಸ್ತಕ ಬಂದ ಕೂಡಲೇ ಅವಳು ಮೊದಲು ನೋಡುತ್ತಿದ್ದುದು ಕೊನೆಯ ಪುಟ. ಅದರ ಕತೆಯನ್ನಲ್ಲ — ಆ ಹಳದಿ ಡಬ್ಬಿಯನ್ನು. “ಐತಿ,” ಅನ್ನುವಳು, ಆಮೇಲೆ ಸೆರಗು ಸರಿಮಾಡಿಕೊಂಡು, ಹೂಂ, ಈಗ ಓದು ಅನ್ನುವಳು. ಶಾಲೆಗೆ ಹೋಗದ ಗಂಗಕ್ಕನಿಗೆ ಇಡೀ ಲೋಕದ ಅಕ್ಷರಗಳಲ್ಲಿ ಓದಲು ಬರುತ್ತಿದ್ದುದು ಅದೊಂದೇ.

ಅದು ಮನೆಯ ಮಾತೂ ಆಯಿತು. ಅಡುಗೆಮನೆಯಲ್ಲಿ ಅತ್ತೆ ಹಿಟ್ಟು ತೀರಿತೇನು ಎಂದು ಕೇಳಿದರೆ ಗಂಗಕ್ಕ ನನ್ನ ಕಡೆ ನೋಡಿ, “ಇನ್ನ ಐತ್ರಿ,” ಅನ್ನುವಳು. ನಾವಿಬ್ಬರೂ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆವು. ಇವಕ್ಕ ಏನ ಆಗೇತಿ ಎಂದು ಅತ್ತೆ ಗೊಣಗುವರು.

ಗಂಗಕ್ಕನಿಗೆ ಮಕ್ಕಳಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ನನ್ನ ಕುಬಸದ ದಿನ, ಅಂದರೆ ಸೀಮಂತದ ದಿನ, ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನನಗೆ ಉಡಿ ತುಂಬುವಾಗ, ಅವಳು ಹೊರಗೆ ಬರಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಹೋಳಿಗೆ ಸುಡುತ್ತ ಒಳಗೇ ಇದ್ದಳು. ಬಾ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅವಳಿಗೆ ಆ ವರ್ಷಗಳಲ್ಲಿ ಕಾಯುವುದಕ್ಕೆ ಇದ್ದದ್ದು ಏನು — ಹಬ್ಬಗಳು ಕೆಲಸ ಹೆಚ್ಚಾಗುವ ದಿನಗಳು, ತವರಿನಲ್ಲಿ ತಾಯಿ ಇರಲಿಲ್ಲ — ಈ ಪುಸ್ತಕ ಬಿಟ್ಟರೆ... ಇದನ್ನು ತಿಳಿದೇ ನಾನು ಆ ಮಾತು ಆಡಿದೆ. ತಿಳಿದಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎರಡು ವರ್ಷ ಹೀಗೆ ನಡೆಯಿತು. ಮಗಳು ಹುಟ್ಟಿ, ಎದ್ದು ಓಡಾಡತೊಡಗಿದ್ದಳು. ಮತ್ತೆ ಬಸುರಿ ನಾನು. ಬೆಳಗಿನ ಜಾವದ ರೊಟ್ಟಿ, ತೋಟದ ಆಳುಗಳ ಬುತ್ತಿ, ಕೂಸಿನ ಬಟ್ಟೆ. ದಣಿವು ಎಂದರೆ ಕಾಲು ನೋಯುವುದಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಅಳು ಬರುವುದು. ಹಾಗಿದ್ದೆ. ಮಧ್ಯಾಹ್ನದ ಆ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ, ಮೊರ ಹಿಡಿದು ಗಂಗಕ್ಕ ಬಂದು ಕೂರುವಳು. ಅತ್ತೆ ಬೇರೆ ಒಂದು ದಿನ, ಒಬ್ಬಾಕಿ ಓದತಾಳ, ಒಬ್ಬಾಕಿ ನೋಡತಾಳ, ದ್ರಾಕ್ಷಿ ತಾವಽ ತೊಟ್ಟು ಬಿಡಿಸ್ಕೊಂಡು ಡಬ್ಬಿಗೆ ಹೋಗತಾವು ಎಂದು ಹೊರಗಿನವರ ಮುಂದೆ ಅಂದಿದ್ದರು. ಅಂದದ್ದು ಇಬ್ಬರಿಗೂ, ನಾಟಿದ್ದು ನನಗೆ.

ದಣಿವೊಂದೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇನ್ನೊಂದಿತ್ತು.

ಓಣಿಯ ಹೆಂಗಸರು ಶಾವಿಗೆ ಹೊಸೆಯಲು ನಮ್ಮ ಮನೆಗೆ ಬಂದಿದ್ದರು. ನಾನು ಕೂಸಿಗೆ ಹಾಲು ಕುಡಿಸುತ್ತ ಒಳಕೋಣೆಯಲ್ಲಿದ್ದೆ. ಗಂಗಕ್ಕ ಅವರಿಗೆ ಕಪ್ತಾನಪ್ಪನ ಕತೆ ಹೇಳುತ್ತಿದ್ದಳು — ನಾನು ಹೇಳಿದ ಕತೆಯಲ್ಲ, ಅವಳದು. ಕಪ್ತಾನಪ್ಪ ಬಂದರಿನಲ್ಲಿ ಇಳಿಯುವುದು, ಅಲ್ಲಿ ಯಾರ ಮನೆಯಲ್ಲಿ ಏನು ಒಲೆಯ ಮೇಲಿತ್ತು, ಇವನು ವಾಸನೆ ಹಿಡಿದು ನಿಂತು ಸಂಕೋಚದಿಂದ ಹೊರಟುಹೋದದ್ದು. ಹೊರಗೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ಮರುಗಳಿಗೆ ಸುಮ್ಮನಾಗಿ ಕೇಳುತ್ತಿದ್ದರು. ಆಗ ಪಕ್ಕದ ಮನೆಯ ಶಾಂತವ್ವ ಅಂದದ್ದು ನನಗೆ ಕೇಳಿಸಿತು.

“ಓದಿದಾಕಿಗಿಂತ ನೋಡಿದಾಕೀನ ಚಲೋ ಹೇಳತಾಳಲ್ಲ ಬೇ.”

ಕಾನ್ವೆಂಟಿನಲ್ಲಿ ಓದಿದ್ದು, ಇಂಗ್ಲಿಷ್ — ಈ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅಷ್ಟೇ. ರೊಟ್ಟಿ ಬಡಿಯುವುದರಲ್ಲಿ, ನೀರು ಹೊರುವುದರಲ್ಲಿ, ಅತ್ತೆಯ ಮನಸ್ಸು ತಿಳಿಯುವುದರಲ್ಲಿ ಎಲ್ಲ ಗಂಗಕ್ಕನೇ ಮುಂದೆ. ಇದೂ ಅವಳದೇ ಆಯಿತೇ? ಕೂಸು ಹಾಲು ಬಿಟ್ಟು ನನ್ನ ಮುಖ ನೋಡಿತು. ಅಷ್ಟು ಬಿಗಿಯಾಗಿ ಹಿಡಿದಿದ್ದೆನೋ ಏನೋ.

ಅದಾಗಿ ಬಹಳ ದಿನವಾಗಿರಲಿಲ್ಲ. ಮಗಳಿಗೆ ಜ್ವರ. ಬೆಳಿಗ್ಗೆ ಮಿರಜಿನ ಕಡೆಯಿಂದ ಬಂದವರೊಬ್ಬರು ವಿನಯ ಕಳಿಸಿದ ಪುಸ್ತಕ ಕೊಟ್ಟು ಹೋಗಿದ್ದರು. ಬಿಚ್ಚಿಯೂ ನೋಡದೆ ಹಾಸಿಗೆಯ ಕೆಳಗೆ ಸೇರಿಸಿದ್ದೆ. ಮಧ್ಯಾಹ್ನ ಕರೆಂಟಿಲ್ಲ, ಕೂಸು ಆಗಷ್ಟೇ ಕಣ್ಣು ಮುಚ್ಚಿದೆ, ಗಂಗಕ್ಕ ಬಂದಳು. ಈ ಸಲ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ಮೆತ್ತಗೆ ಕೇಳಿದಳು, ಪುಸ್ತಕ ಬಂತಂತಲ್ಲ, ಕಡೀ ಹಾಳಿ ತೋರಸು.

ನನಗೆ ಬೇಕಾಗಿದ್ದದ್ದು ಒಂದೇ — ಅವಳು ಹೋಗಬೇಕು. ಇವತ್ತಷ್ಟೇ ಅಲ್ಲ, ನಾಳೆಯೂ ಬರಬಾರದು.

“ಮುಗೀತ್ರಿ ಅಕ್ಕಾ,” ಎಂದೆ. “ಕಪ್ತಾನಪ್ಪ ಸತ್ತ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೇಗೆ ಎಂದು ಕೇಳಿದಳು. ನೀರಿನಲ್ಲಿ ಎಂದೆ. ಆಮೇಲೆ ಕೇಳಿದಳು —

“ಸಣ್ಯಾ ಸಿಕ್ಕಿದ್ದನ? ಸಾಯೂಕಿಂತ ಮುಂಚೆ?”

ಹೌದು ಎನ್ನಬಹುದಿತ್ತು. ಸುಳ್ಳೇ ಹೇಳುತ್ತಿದ್ದೆನಲ್ಲ, ಇನ್ನೊಂದು ಸುಳ್ಳಿಗೆ ಏನು ಖರ್ಚಿತ್ತು? ಸಿಕ್ಕಿದ್ದ, ಅಣ್ಣನ ತೊಡೆಯ ಮೇಲೆ ತಲೆ ಇಟ್ಟಿದ್ದ ಎಂದಿದ್ದರೆ ಅವಳು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ನಾನು ಇಲ್ಲ ಎಂದೆ. ಮೊದಲ ಸುಳ್ಳನ್ನು ದಣಿವಿನ ತಲೆಗೆ ಕಟ್ಟಬಹುದೇನೋ. ಈ ಎರಡನೆಯದು — ಶಾಂತವ್ವನ ಮಾತು ಕೇಳಿದ ಆ ಒಳಕೋಣೆಯಿಂದ ಬಂದದ್ದು. ಅದು ನನಗೆ ಆಡುವಾಗಲೇ ಗೊತ್ತಿತ್ತು.

ಚಿತ್ರ ತೋರಿಸು ಎಂದಳು. ತೋರಿಸುವಂತಿರಲಿಲ್ಲ, ಕೊನೆಯ ಪುಟದಲ್ಲಿ ಹಳದಿ ಡಬ್ಬಿ ಇರುತ್ತದೆ, ಅವಳಿಗೆ ಓದಲು ಬರುವ ಅದೊಂದೇ ಮಾತು. ನೋಡುವ ಹಾಗಿಲ್ಲ ಅಕ್ಕಾ, ಒಲೆಗೆ ಹಾಕಿಬಿಟ್ಟೆ ಎಂದೆ. ಅವಳು ಅಳಲಿಲ್ಲ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು, ಕೂಸು ಎದ್ದೀತೆಂದು. ನಾನು ಮಲಗಿದೆ. ನಿದ್ದೆಯೂ ಬಂತು — ಇದನ್ನೂ ಹೇಳಬೇಕು — ಒಳ್ಳೆಯ ನಿದ್ದೆ ಬಂತು.

ಸಂಜೆ ಆ ಪುಸ್ತಕವನ್ನು ಬಿಚ್ಚದೆಯೇ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ. ನಾಗರ ಪಂಚಮಿಗೆ ತವರಿಗೆ ಕರೆಯಲು ಬಂದ ವಿನಯನಿಗೆ ಇನ್ನು ಕಳಿಸಬೇಡವೆಂದೆ, ಓದಲು ಹೊತ್ತಿಲ್ಲ ಎಂದು. ಅವನು ತಲೆಯಾಡಿಸಿದ. ಅವನಿಗೂ ಪರೀಕ್ಷೆ, ಆಮೇಲೆ ಕೆಲಸ, ಬೇರೆ ಊರು. ಮುಂದಿನ ಸಂಚಿಕೆಗಳು ಎಲ್ಲಿ ಹೋದವೋ. ಆ ಫುಟ್‌ಪಾತೂ ಈಗ ಇಲ್ಲವಂತೆ.

ಮಹಾನವಮಿ ಅಮಾವಾಸ್ಯೆ ಬಂತು. ಆ ದಿನ ನಮ್ಮಲ್ಲಿ ಮನೆಯ ಹಿರಿಯರಿಗೆ, ತೀರಿಹೋದವರಿಗೆಲ್ಲ ಎಡೆ ಇಡುತ್ತಾರೆ. ದೇವರ ಮನೆಯ ಮುಂದೆ ಎಲೆ ಸಾಲಾಗಿ ಹಾಕಿದ್ದೆವು — ಮಾವನವರಿಗೆ, ಅವರ ತಂದೆತಾಯಿಗೆ, ಚಿಕ್ಕಂದಿನಲ್ಲೇ ಹೋದ ನಾದಿನಿಗೆ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ. ಗಂಗಕ್ಕ ಬಡಿಸುತ್ತ ಬಂದು, ಸಾಲಿನ ಕೊನೆಗೆ, ಕಂಬದ ಮರೆಯಲ್ಲಿ ಇನ್ನೊಂದು ಎಲೆ ಹಾಕಿದಳು. ಅತ್ತೆ ನೋಡಿದರು. ಅದು ಯಾರಿಗೆ ಎಂದು ಕೇಳಿದರು.

“ಒಬ್ಬಾಂವ ಇದ್ದಾನ್ರಿ. ನೀರಾಗ ಹ್ವಾದಾಂವ,” ಎಂದಳು. “ಬದುಕಿದ್ದಾಗಂತೂ ಉಣ್ಣಲಿಲ್ಲ.”

ತವರಿನ ಕಡೆಯ ಯಾರೋ ಎಂದು ತಿಳಿದು ಅತ್ತೆ ದೀಪಕ್ಕೆ ಎಣ್ಣೆ ಹಾಕಲು ತಿರುಗಿದರು. ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ಉಳಿದ ಎಲೆಗಳಿಗೆ ಎರಡೆರಡು ಹೋಳಿಗೆ. ಆ ಎಲೆಗೆ ಅವಳು ಮೂರು ಹಾಕಿದ್ದಳು, ಕಡುಬನ್ನು ಎಲೆಯ ನಡುವಿಗೆ ಸರಿಸಿದ್ದಳು, ಉಣ್ಣುವವನ ಕೈಗೆ ಹತ್ತಿರವಾಗಲೆಂದು. ನನ್ನ ಕಡೆ ನೋಡಿದಳು. ಮನೆಯಲ್ಲಿ ಅವಳ ದುಃಖ ಗೊತ್ತಿದ್ದವಳು ನಾನೊಬ್ಬಳೇ ಅಲ್ಲವೇ — ಹಾಗೆ ನೋಡಿದಳು.

“ತುಪ್ಪ ಹಾಕು ತಂಗೀ.”

ಹಾಕಿದೆ.

ಆಗ ಹೇಳಬಹುದಿತ್ತು. ಅವಳು ಒಲೆಯ ಮುಂದೆ ಒಬ್ಬಳೇ ಇದ್ದಾಗ ಹೇಳಬಹುದಿತ್ತು. ಮರುದಿನ. ದೀಪಾವಳಿಗೆ. ಎರಡನೆಯ ಮಗು ಹುಟ್ಟಿದಾಗ ಬಾಣಂತನವನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡು, ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳಲ್ಲ — ಅವಳ ಮುಖ ನನಗೆ ಕಾಣದ ಹೊತ್ತು ಅದು — ಆಗಲಾದರೂ... ಇಲ್ಲ. ಸುಳ್ಳು ಹಳೆಯದಾಗುತ್ತ ಹೋದ ಹಾಗೆ ಅದನ್ನು ಹೇಳಿದ್ದಕ್ಕಿಂತ ಬಚ್ಚಿಟ್ಟದ್ದೇ ದೊಡ್ಡದಾಯಿತು.

ಮೇಲಿನಿಂದ ಏನೂ ಬದಲಾಗಲಿಲ್ಲ. ಅವಳು ಜಗಳವಾಡಲಿಲ್ಲ, ಮುನಿಸಿಕೊಳ್ಳಲಿಲ್ಲ. ತೊಟ್ಟು ಬಿಡಿಸುವ ಮೊರವನ್ನು ಮಾತ್ರ ಹಿತ್ತಲ ಪಡಸಾಲೆಯಿಂದ ಅಡುಗೆಮನೆಗೆ ಒಯ್ದಳು. “ಇನ್ನ ಐತಿ” ಅನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಹಿಟ್ಟಿದ್ದರೆ ಬರೇ ಐತ್ರಿ ಅಂದಳು, ಇಲ್ಲದಿದ್ದರೆ ತೀರೇತ್ರಿ ಅಂದಳು. ಮುಂದೆ ಊರಿನ ಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ವರ್ಗ ನಡೆದಾಗ ಶಾಂತವ್ವ ಕೂಡ ಪಾಟಿ ಹಿಡಿದು ಹೋದಳು. ಗಂಗಕ್ಕನನ್ನು ನಾನೇ ಹೋಗಿರೆಂದು ಒತ್ತಾಯ ಮಾಡಿದೆ — ಏನನ್ನು ತೀರಿಸಲೆಂದು ಮಾಡಿದೆನೋ. ಕಲಿತು ಏನು ಓದಲಿ ಎಂದು ಕೇಳಿ, ಒಲೆಯ ಬೂದಿ ತೆಗೆಯಲು ಎದ್ದಳು. ಮನೆಗೆ ಟೀವಿ ಬಂತು. ಎಲ್ಲರ ಹಿಂದೆ ಕೂತು ನೋಡುತ್ತಾಳೆ. ಏನೂ ಕೇಳುವುದಿಲ್ಲ. ಅವರು ಉಂಡರೋ ಬಿಟ್ಟರೋ, ಅಂಗಿ ಹೇಗೆ ಒಣಗಿತೋ — ಏನನ್ನೂ. ಪ್ರತಿ ವರ್ಷ ಅಮಾವಾಸ್ಯೆಗೆ ಕಂಬದ ಮರೆಯಲ್ಲಿ ಒಂದು ಎಲೆ ಮಾತ್ರ ತಪ್ಪಿಲ್ಲ. ತುಪ್ಪ ಹಾಕುವವಳೂ ತಪ್ಪಿಲ್ಲ.

ಈಗ ಅವಳಿಗೆ ಕಣ್ಣಿನ ಪೊರೆ. ಕಳೆದ ವಾರ ಮಿರಜಿನಲ್ಲಿ ಆಪರೇಷನ್ ಆಯಿತು. ಒಂದು ಕಣ್ಣು ಮಂಜು, ಇನ್ನೊಂದಕ್ಕೆ ಪಟ್ಟಿ. ಪಡಸಾಲೆಯ ಮಂಚದ ಮೇಲೆ ಕೂತಿರುತ್ತಾಳೆ. ನಾನು ತುತ್ತು ಮಾಡಿ ಕೈಗೆ ಕೊಡುತ್ತೇನೆ. ಮೊನ್ನೆ ಉಣ್ಣುತ್ತ ಉಣ್ಣುತ್ತ ನಿಂತಳು.

“ತಂಗೀ, ಕಣ್ಣ ಬಂದ ಮ್ಯಾಲ ನಿನ್ನ ತಮ್ಮಗ ಕೇಳತೀ? ಆ ಪುಸ್ತಕ ಇನ್ನೊಂದು ಎಲ್ಲಾರ ಸಿಕ್ಕರ ತರಲಿ. ಅಂವ ಸತ್ತ ಚಿತ್ರ ನಾ ನೋಡಲೇ ಇಲ್ಲ. ಮಾರಿ ನೋಡದ ಎಡಿ ಇಟ್ಟಂಗ ಆಗೇತಿ.”

ನೀರಿನ ತಂಬಿಗೆ ತರುತ್ತೇನೆಂದು ಎದ್ದು ಒಳಗೆ ಹೋದೆ.

ಆ ಮಧ್ಯಾಹ್ನ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ. ಪುಸ್ತಕಕ್ಕೆ ವಿನಯ ಸುತ್ತಿದ್ದ ಮರಾಠಿ ಪೇಪರು ಹಾಗೆಯೇ ಇತ್ತು, ದಾರದ ಗಂಟೂ. ಇಷ್ಟು ವರ್ಷ ನಾನು ಅದನ್ನು ಬಿಚ್ಚಿರಲಿಲ್ಲ. ಬಿಚ್ಚಿದೆ. ಕಪ್ತಾನಪ್ಪ ಹೊಸ ಬಂದರಿಗೆ ಬಂದಿದ್ದಾನೆ. ಮಳೆ. ಒಬ್ಬ ಮುದುಕಿ ತನ್ನ ಗುಡಿಸಲಿನ ಬಾಗಿಲು ತೆಗೆದು ಅವನನ್ನು ಒಳಗೆ ಕರೆಯುತ್ತಾಳೆ. ನಾಲ್ಕೈದು ಹಾಳೆ ತಿರುಗಿಸಿದರೆ, ಪುಟದ ಅರ್ಧದಷ್ಟು ದೊಡ್ಡ ಚೌಕದಲ್ಲಿ ಕಪ್ತಾನಪ್ಪ ಟೊಪ್ಪಿಗೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತು ಉಣ್ಣುತ್ತಿದ್ದಾನೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಅವನ ಅಂಗಿಯನ್ನು ಮುದುಕಿ ಒಲೆಯ ಮೇಲಿನ ಹಗ್ಗಕ್ಕೆ ಒಣಗಲು ಹಾಕಿದ್ದಾಳೆ.

ಕೊನೆಯ ಪುಟ ತೆಗೆದೆ. ಕೊನೆಯ ಚಿತ್ರದಲ್ಲಿ ದೂರದ ಹಡಗೊಂದರ ಕಟಕಟೆಗೆ ಆನಿಕೊಂಡು ಒಬ್ಬ ಹುಡುಗ, ನಮಗೆ ಬೆನ್ನು ಹಾಕಿ. ಸಣ್ಯಾನೋ ಬೇರೆ ಯಾರೋ. ಕೆಳಗೆ, ಬಲಗಡೆ, ಹಳದಿ ಡಬ್ಬಿ.

ಅವಳ ಕಣ್ಣಿಗೆ ಪಟ್ಟಿ ಇರುವ ಈ ದಿನಗಳಲ್ಲಿ ನನಗೆ ಒಂದು ಯೋಚನೆ ಬಂತು, ಮುಚ್ಚಿಡುವುದಿಲ್ಲ. ಈಗಲೇ ಪಕ್ಕದಲ್ಲಿ ಕೂತು ಓದಿಬಿಡಬಹುದು. ವಿನಯ ಹುಡುಕಿ ಕಳಿಸಿದ, ನನಗೇ ಆಗ ತಪ್ಪು ತಿಳಿದಿತ್ತು, ಸತ್ತವನು ಬೇರೆ ಯಾರೋ ಎನ್ನಬಹುದು. ಸಣ್ಯಾ ಸಿಕ್ಕ ಎಂದೂ ಕೊನೆಗೆ ಸೇರಿಸಬಹುದು. ಅವಳಿಗೆ ಚಿತ್ರ ಕಾಣುವುದಿಲ್ಲ, ನಂಬುತ್ತಾಳೆ. ನನ್ನ ಮಾತನ್ನು ಅವಳು ಯಾವಾಗಲೂ ನಂಬುತ್ತಾಳೆ. ಎರಡು ದಿನ ಈ ಯೋಚನೆಯ ಜೊತೆಗೇ ತಿರುಗಾಡಿದೆ. ಮೊದಲನೆಯದಕ್ಕಿಂತ ಇದು ಚಂದದ ಸುಳ್ಳು. ಸುಳ್ಳೇ.

ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಮಿರಜಿನಿಂದ ಮನೆಗೆ ಬಂದು, ಅವಳು ಬಿಸಿಲಿಗೆ ಕಣ್ಣು ಹೊಂದಿಸಿಕೊಳ್ಳುವವರೆಗೆ ಕಾಯುತ್ತೇನೆ. ಈ ಬರಹವನ್ನು ಅವಳೇ ಓದಲಾರಳು. ಅವಳು ಓದು ಬಾರದವಳಾಗಿಯೇ ಉಳಿದದ್ದರಲ್ಲಿ ನನ್ನ ಪಾಲೂ ಇದೆ. ನಾನೇ ಓದಿ ಹೇಳುತ್ತೇನೆ, ಶಾಂತವ್ವನ ಮಾತನ್ನೂ ಬಿಡದೆ, ನನಗೆ ಬಂದ ಒಳ್ಳೆಯ ನಿದ್ದೆಯನ್ನೂ ಬಿಡದೆ. ಅವಳು ಏನೆನ್ನುತ್ತಾಳೋ ಗೊತ್ತಿಲ್ಲ. ಏನನ್ನಾದರೂ ಅನ್ನಲಿ, ಅನ್ನದೆಯೂ ಇರಲಿ. ಆದರೆ ಸಣ್ಯಾ ಸಿಕ್ಕನೇನು ಎಂದು ಕೇಳಿಯೇ ಕೇಳುತ್ತಾಳೆ. ಬರಬಹುದಾಗಿದ್ದ ಪುಸ್ತಕಗಳನ್ನು ಬರದಂತೆ ಮಾಡಿದವಳು ನಾನು. ನನಗ ಗೊತ್ತಿಲ್ರಿ ಅಕ್ಕಾ ಎಂದಷ್ಟೇ ಹೇಳುತ್ತೇನೆ.

ಅದಕ್ಕೂ ಮೊದಲು, ಇದರ ಒಂದು ಸಾಲನ್ನೂ ಓದುವ ಮೊದಲು, ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು ಕೊನೆಯ ಪುಟ ತೆಗೆದುಕೊಡುತ್ತೇನೆ. ಅವಳು ನೋಡುವುದು ಮೊದಲು ಅದನ್ನೇ.